ಹಣ್ಣುನೊಣದ ತವರು ಯಾವುದು? ವಂಶವಾಹಿಗಳ ಸಾಕ್ಷ್ಯವನ್ನು ಓದುವ ಬಗೆ

ಕುತೂಹಲಿ (ಚರ್ಚೆ ಆರಂಭಿಸಿದವರು)

ತಳಿವಿಜ್ಞಾನದ ಪಠ್ಯಗಳಲ್ಲಿ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಎಂಬ ಪುಟ್ಟ ಹಣ್ಣುನೊಣದಷ್ಟು ಪದೇ ಪದೇ ಎದುರಾಗುವ ಪ್ರಾಣಿ ಇನ್ನೊಂದಿಲ್ಲ. ಜರ್ಮನ್ ಕೀಟತಜ್ಞ ಮೈಗೆನ್ 1830ರಲ್ಲಿ ಅದನ್ನು ಮೊದಲು ವಿವರಿಸಿದಾಗ ಅವರ ಮುಂದಿದ್ದದ್ದು ಯುರೋಪಿನ ಮಾದರಿಗಳು. ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ಬಿಳಿಗಣ್ಣಿನ ಗಂಡುನೊಣವನ್ನು ಗುರುತಿಸಿದ್ದು ನ್ಯೂಯಾರ್ಕಿನಲ್ಲಿ. 2000ದಲ್ಲಿ ಅದರ ಜೀನೋಮ್, ಅಂದರೆ ಇಡೀ ಡಿಎನ್‌ಎಯ ಪಾಠ, ಪ್ರಕಟವಾಯಿತು. ಇಷ್ಟೆಲ್ಲ ಆದ ಮೇಲೂ, ಮನುಷ್ಯರ ಸಹವಾಸಕ್ಕೆ ಬೀಳುವ ಮುನ್ನ ಈ ನೊಣ ಯಾವ ಕಾಡಿನಲ್ಲಿ, ಯಾವ ಹಣ್ಣನ್ನು ನೆಚ್ಚಿಕೊಂಡು ಬದುಕುತ್ತಿತ್ತು ಎಂಬ ಪ್ರಶ್ನೆಗೆ ಹತ್ತು ವರ್ಷಗಳ ಹಿಂದಿನವರೆಗೂ ಯಾರ ಬಳಿಯೂ ನೇರವಾದ ಉತ್ತರವಿರಲಿಲ್ಲ ಎಂದು ಓದಿ ಅಚ್ಚರಿಯಾಯಿತು.

ಈಗ ಅದರ ತವರು ಆಫ್ರಿಕಾದ ದಕ್ಷಿಣ-ಮಧ್ಯ ಭಾಗ, ಅಂದರೆ ಜಾಂಬಿಯಾ ಮತ್ತು ಜಿಂಬಾಬ್ವೆಯ ಸುತ್ತಿನ ಪ್ರದೇಶ ಎಂದು ಹೇಳಲಾಗುತ್ತಿದೆ. ಅದಕ್ಕೆ ಕೊಡುವ ಮುಖ್ಯ ಕಾರಣ, ಆನುವಂಶಿಕ ವೈವಿಧ್ಯ ಅಲ್ಲಿಯೇ ಅತಿ ಹೆಚ್ಚಾಗಿದೆ ಎಂಬುದು. ನನಗೆ ಈ ತರ್ಕ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ನಾಲ್ಕು ಕಡೆಯಿಂದ ಬಂದ ನೊಣಗಳು ಸೇರುವ ಒಂದು ಬಂದರಿನಲ್ಲೂ ವೈವಿಧ್ಯ ಹೆಚ್ಚಾಗಿಯೇ ಇರುತ್ತದಲ್ಲವೇ? ಹೆಚ್ಚು ವೈವಿಧ್ಯವಿರುವ ಜಾಗವೇ ಮೂಲ ಎಂದು ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ? ಬಲ್ಲವರು ವಿವರಿಸಬೇಕಾಗಿ ಕೋರುತ್ತೇನೆ.

ತಳಿಬೇರು

ಪ್ರಶ್ನೆ ಸರಿಯಾದ ಜಾಗಕ್ಕೇ ಕೈ ಹಾಕಿದೆ. ಉತ್ತರ ಕೊಂಚ ಉದ್ದವಾಗುತ್ತದೆ, ದಯವಿಟ್ಟು ಸಹಿಸಿಕೊಳ್ಳಿ.

ಮೊದಲಿಗೆ ವೈವಿಧ್ಯ ಎಂದರೇನು ಎಂಬುದನ್ನು ಅಳತೆಯ ರೂಪದಲ್ಲಿ ನೋಡೋಣ. ಜಾಂಬಿಯಾದ ಒಂದೇ ಊರಿನಲ್ಲಿ ಹಿಡಿದ ಎರಡು ನೊಣಗಳ ಡಿಎನ್‌ಎಯನ್ನು ಪಕ್ಕಪಕ್ಕ ಇಟ್ಟರೆ ಸರಿಸುಮಾರು ನೂರು ಅಕ್ಷರಗಳಿಗೆ ಒಂದು ಕಡೆ ವ್ಯತ್ಯಾಸ ಕಾಣುತ್ತದೆ. ಯುರೋಪಿನ ಎರಡು ನೊಣಗಳ ನಡುವೆ ಇದು ಬಹಳ ಕಡಿಮೆ, ಹೆಚ್ಚುಕಡಿಮೆ ಅರ್ಧದಷ್ಟು. ಮನುಷ್ಯರಲ್ಲಿ ಸಾವಿರ ಅಕ್ಷರಗಳಿಗೆ ಒಂದರ ಆಸುಪಾಸಿನಲ್ಲಿದೆ. ಒಂದು ದೊಡ್ಡ ಕಣಜದಿಂದ ಬೊಗಸೆಯಷ್ಟು ಕಾಳು ತೆಗೆದು ಬೇರೆಡೆ ಬಿತ್ತಿದರೆ ಕಣಜದಲ್ಲಿದ್ದ ಅಪರೂಪದ ತಳಿಗಳು ಆ ಬೊಗಸೆಗೆ ಬಾರದೆ ಉಳಿದುಬಿಡುತ್ತವೆ. ಹೊಸ ನೆಲಕ್ಕೆ ಹೋದ ಸಣ್ಣ ಗುಂಪಿಗೂ ಆಗುವುದು ಇದೇ.

ಆದರೆ ಹೆಚ್ಚು ಮುಖ್ಯವಾದದ್ದು ವೈವಿಧ್ಯದ ಪ್ರಮಾಣವಲ್ಲ, ಅದರ ಸ್ವರೂಪ. ಯುರೋಪಿನ ನೊಣಗಳಲ್ಲಿ ಸಿಗುವ ಡಿಎನ್‌ಎ ರೂಪಗಳಲ್ಲಿ ಬಹುಪಾಲು ಆಫ್ರಿಕಾದಲ್ಲೂ ಸಿಗುತ್ತವೆ. ಆಫ್ರಿಕಾದಲ್ಲಿ ಸಿಗುವ ರೂಪಗಳಲ್ಲಿ ದೊಡ್ಡ ಪಾಲು ಯುರೋಪಿನಲ್ಲಿ ಇಲ್ಲವೇ ಇಲ್ಲ. ಒಂದು ಇನ್ನೊಂದರ ಭಾಗವಾಗಿರುವ ಈ ಸಂಬಂಧಕ್ಕೆ ದಿಕ್ಕಿದೆ, ಮತ್ತು ನೀವು ಹೇಳಿದ ಬಂದರಿನಲ್ಲಿ ಈ ದಿಕ್ಕು ಕಾಣುವುದಿಲ್ಲ. ಬಂದರಿನ ನೊಣದ ವರ್ಣತಂತುಗಳನ್ನು ಬಿಡಿಸಿ ನೋಡಿದರೆ ಪ್ರತಿಯೊಂದು ತುಂಡಿಗೂ ಬೇರೆಲ್ಲೋ ಒಂದು ವಿಳಾಸ ಸಿಗುತ್ತದೆ. ತವರಿನ ವೈವಿಧ್ಯಕ್ಕೆ ಹಾಗೆ ಹೊರಗಿನ ವಿಳಾಸಗಳಿರುವುದಿಲ್ಲ.

ಇನ್ನು ಆಫ್ರಿಕಾ ಎಂಬ ಊಹೆಯೇನೂ ಜೀನೋಮ್ ಕಾಲದ್ದಲ್ಲ. ಡೇನಿಯಲ್ ಲಾಶೇಸ್ ಮತ್ತು ಸಹೋದ್ಯೋಗಿಗಳು 1988ರಲ್ಲೇ ಈ ನೊಣದ ಹತ್ತಿರದ ನೆಂಟರೆಲ್ಲ ಎಲ್ಲೆಲ್ಲಿದ್ದಾರೆ ಎಂಬುದನ್ನು ಒಟ್ಟುಗೂಡಿಸಿ ಅದರ ಚರಿತ್ರೆಯನ್ನು ಕಟ್ಟಿದ್ದರು. ಯಾಕುಬಾ ಮತ್ತು ಟೀಸಿಯೆರಿ ಆಫ್ರಿಕಾದ ಮುಖ್ಯ ಭೂಭಾಗದಲ್ಲಿವೆ, ಎರೆಕ್ಟಾ ಪಶ್ಚಿಮ ಆಫ್ರಿಕಾದಲ್ಲಿ ಕೇದಗೆ ಜಾತಿಯ ಹಣ್ಣನ್ನು ನೆಚ್ಚಿಕೊಂಡಿದೆ, ಒರೆನಾ ಕ್ಯಾಮರೂನಿನದು, ಸೆಚೆಲಿಯಾ ಸೀಶೆಲ್ಸ್ ದ್ವೀಪಗಳದು, ಮೌರಿಶಿಯಾನಾ ಮಾರಿಷಸ್‌ನದು. ಮುಂದೆ ಸಾವೊ ಟೋಮೆ ದ್ವೀಪದಲ್ಲಿ ಸ್ಯಾಂಟೋಮಿಯಾ ಎಂಬ ಇನ್ನೊಂದು ಪ್ರಭೇದ ಪತ್ತೆಯಾಗಿ 2000ದಲ್ಲಿ ಪಟ್ಟಿಗೆ ಸೇರಿತು. ಮೆಲನೊಗ್ಯಾಸ್ಟರನ್ನೂ ಸಿಮ್ಯುಲಾನ್ಸನ್ನೂ ಬಿಟ್ಟರೆ ಈ ಉಪಗುಂಪಿನ ಯಾವ ಸದಸ್ಯವೂ ಲೋಕವೆಲ್ಲ ಹರಡಿಲ್ಲ. ನೆಂಟರೆಲ್ಲ ಆಫ್ರಿಕಾ ಮತ್ತು ಅದರ ಸುತ್ತಲಿನ ದ್ವೀಪಗಳಲ್ಲೇ ಇರುವಾಗ ಇದೊಂದು ಮಾತ್ರ ಬೇರೆ ಖಂಡದಲ್ಲಿ ಹುಟ್ಟಿರುವ ಸಂಭವ ಕಡಿಮೆ. ಲಾಶೇಸ್ ಅವರ ಕಾಲದಲ್ಲಿ ಒಲವಿದ್ದದ್ದು ಭೂಮಧ್ಯರೇಖೆಯ ಹತ್ತಿರದ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಕಡೆಗೆ. ಅದು ದಕ್ಷಿಣಕ್ಕೆ ಸರಿದದ್ದು ಡಿಎನ್‌ಎ ಓದಲು ಶುರುಮಾಡಿದ ಮೇಲೆ. 1993ರಲ್ಲಿ ತಳಿವಿಜ್ಞಾನಿಗಳಾದ ಬಿಗನ್ ಮತ್ತು ಅಕ್ವಾಡ್ರೊ ಜಿಂಬಾಬ್ವೆಯ ನೊಣಗಳನ್ನು ಅಮೆರಿಕದವುಗಳ ಜೊತೆ ಹೋಲಿಸಿ, ಎರಡರ ನಡುವೆ ಅಲ್ಲಿಯವರೆಗೆ ಯಾರೂ ನಿರೀಕ್ಷಿಸದಷ್ಟು ಅಂತರವಿದೆ ಎಂದು ತೋರಿಸಿದರು. ಜಿಂಬಾಬ್ವೆಯ ಕೆಲವು ತಳಿಗಳ ಹೆಣ್ಣುಗಳು ಹೊರನಾಡಿನ ಗಂಡುಗಳನ್ನು ಕೂಡಲು ಒಪ್ಪುವುದಿಲ್ಲ ಎಂಬುದೂ ಆ ದಶಕದಲ್ಲೇ ಗೊತ್ತಾಯಿತು. ಒಂದೇ ಪ್ರಭೇದದೊಳಗೆ ಇಂಥ ಬಿಗುಮಾನ ಬೆಳೆಯಬೇಕಾದರೆ ಎರಡು ಕವಲುಗಳು ಸಾಕಷ್ಟು ದೂರವಾಗಿರಬೇಕು.

ಲೆಕ್ಕಿಗ

ತಳಿಬೇರು ಅವರೇ, ನಿಮ್ಮ ಮಾತಿಗೆ ಒಂದು ತಕರಾರು ಇದೆ. ಬೆರಕೆಯಾದ ತುಂಡುಗಳಿಗೆ ವಿಳಾಸ ಸಿಗುತ್ತದೆ ಎಂದಿರಿ. ಹೊರಗಿನ ನೊಣ ಬಂದು ಸೇರಿ ಕೆಲವೇ ತಲೆಮಾರುಗಳಾಗಿದ್ದರೆ ಅದು ನಿಜ, ಏಕೆಂದರೆ ಹೊರಗಿನಿಂದ ಬಂದ ಡಿಎನ್‌ಎ ಇನ್ನೂ ಉದ್ದುದ್ದ ಪಟ್ಟಿಗಳಾಗಿ ಉಳಿದಿರುತ್ತದೆ. ಪ್ರತಿ ತಲೆಮಾರಿನಲ್ಲೂ ತಾಯಿಯ ಎರಡು ವರ್ಣತಂತುಗಳು ಒಂದನ್ನೊಂದು ಕತ್ತರಿಸಿ ಅದಲುಬದಲಾಗುವುದರಿಂದ ಆ ಪಟ್ಟಿಗಳು ಕ್ರಮೇಣ ಚಿಕ್ಕದಾಗುತ್ತ ಹೋಗುತ್ತವೆ. (ಈ ನೊಣದ ಗಂಡುಗಳಲ್ಲಿ ಇಂಥ ಅದಲುಬದಲು ನಡೆಯುವುದೇ ಇಲ್ಲ ಎಂಬುದು ಬೇರೆ ಮಾತು.) ಸಾವಿರಾರು ವರ್ಷಗಳ ಹಿಂದೆ ಎರಡು ಗುಂಪುಗಳು ಬೆರೆತಿದ್ದರೆ ಪಟ್ಟಿಗಳು ಪುಡಿಪುಡಿಯಾಗಿ ಗುರುತು ಸಿಗದಂತಾಗಿರುತ್ತವೆ. ಹೀಗಿರುವಾಗ ಹಳೆಯ ಬೆರಕೆಯ ನಾಡನ್ನೂ ನಿಜವಾದ ತವರನ್ನೂ ವೈವಿಧ್ಯದ ಅಂಕಿಯೊಂದರಿಂದಲೇ ಬೇರೆ ಮಾಡಲಾಗದು. ಕುತೂಹಲಿ ಅವರ ಅನುಮಾನಕ್ಕೆ ನಾನು ಅರ್ಧ ಮತ ಹಾಕುತ್ತೇನೆ.

ತಳಿಬೇರು

ಅಂಕಿಯೊಂದರಿಂದಲೇ ಆಗದು ಎಂಬುದನ್ನು ನಾನೂ ಒಪ್ಪುತ್ತೇನೆ. 2012ರಲ್ಲಿ ಜಾನ್ ಪೂಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಸಹಾರಾದ ದಕ್ಷಿಣಕ್ಕಿರುವ 22 ಕಡೆಗಳಿಂದ ಬಂದ 139 ತಳಿಗಳ ಜೀನೋಮ್‌ಗಳನ್ನು ಅವರು ಓದಿದರು. ಹೋಲಿಕೆಗೆ ಯುರೋಪಿನ ಒಂದು ಗುಂಪೂ ಇತ್ತು. ಬೆರಕೆಯ ಅನುಮಾನವನ್ನು ಅವರು ಮೊದಲೇ ಎದುರಿಸಿದ್ದರು: ಆಫ್ರಿಕಾದ ನೊಣಗಳ ಒಳಗೆ ಹೊರನಾಡಿನಿಂದ ಮರಳಿ ಬಂದ ಡಿಎನ್‌ಎ ಎಷ್ಟಿದೆ ಎಂದು ತುಂಡು ತುಂಡಾಗಿ ಹುಡುಕಿ, ಅಂಥ ತುಂಡುಗಳನ್ನು ಪಕ್ಕಕ್ಕಿಟ್ಟ ಮೇಲೆಯೇ ವೈವಿಧ್ಯವನ್ನು ಅಳೆದರು. ಮರಳಿ ಬಂದ ಈ ಪಾಲು ಊರಿಂದೂರಿಗೆ ಬಹಳ ಬದಲಾಗುತ್ತಿತ್ತು, ನಗರಗಳಲ್ಲಿ ಹೆಚ್ಚಾಗಿತ್ತು. ಅದನ್ನು ಕಳೆದ ಮೇಲೂ ವೈವಿಧ್ಯದ ಶಿಖರ ಜಾಂಬಿಯಾದಲ್ಲೇ ಉಳಿಯಿತು.

ಇಲ್ಲಿ ಕೆಲಸದ ಒಂದು ವಿವರವನ್ನು ಹೇಳಲೇಬೇಕು, ಏಕೆಂದರೆ ಫಲಿತಾಂಶದ ನಂಬಿಕೆ ನಿಂತಿರುವುದು ಇಂಥ ಕುಸುರಿಯ ಮೇಲೆ. ಸಾಮಾನ್ಯ ನೊಣದಲ್ಲಿ ಪ್ರತಿ ವರ್ಣತಂತುವಿನ ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯದು, ಇನ್ನೊಂದು ತಂದೆಯದು. ಎರಡನ್ನೂ ಒಟ್ಟಿಗೆ ಓದಿದರೆ ಯಾವ ಅಕ್ಷರ ಯಾವ ಪ್ರತಿಯದು ಎಂಬ ಗೊಂದಲ ಹುಟ್ಟುತ್ತದೆ, ಪಟ್ಟಿಗಳ ಉದ್ದವನ್ನು ಅಳೆಯುವುದು ಕಷ್ಟವಾಗುತ್ತದೆ. ಇದನ್ನು ತಪ್ಪಿಸಲು ಒಂದು ವಿಶೇಷ ಮ್ಯುಟೇಶನ್ (ಡಿಎನ್‌ಎ ಅಕ್ಷರಗಳಲ್ಲಿನ ಬದಲಾವಣೆ) ಹೊತ್ತ ಗಂಡುಗಳನ್ನು ಬಳಸುತ್ತಾರೆ. ಅವುಗಳ ವೀರ್ಯಾಣು ಮೊಟ್ಟೆಯನ್ನು ಎಬ್ಬಿಸುತ್ತದೆ, ಆದರೆ ತಂದೆಯ ವರ್ಣತಂತುಗಳು ಮೊದಲ ಕೋಶವಿಭಜನೆಯ ಹೊತ್ತಿಗೇ ಕಳೆದುಹೋಗುತ್ತವೆ. ಹಾಗಾಗಿ ಕೆಲವು ಭ್ರೂಣಗಳು ತಾಯಿಯ ಒಂದೇ ಪ್ರತಿಯೊಂದಿಗೆ ಕೊಂಚ ದೂರ ಬೆಳೆದು, ಮರಿಹುಳುವಾಗುವ ಮೊದಲೇ ಸಾಯುತ್ತವೆ. ಅಂಥ ಒಂದೇ ಒಂದು ಭ್ರೂಣವನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಆರಿಸಿ, ಅದರ ಡಿಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸಿ ಓದಿದರೆ ಒಂದು ಪ್ರತಿಯ ಶುದ್ಧ ಪಾಠ ಕೈಗೆ ಸಿಗುತ್ತದೆ. ಮುಂದೆ ಜಾಂಬಿಯಾದ ಸಿಯಾವೊಂಗಾ ಎಂಬ ಒಂದೇ ಊರಿನಿಂದ 197 ಜೀನೋಮ್‌ಗಳನ್ನು ಓದಿದ್ದು ಇದೇ ಉಪಾಯದಿಂದ.

ಲೆಕ್ಕಿಗ ಅವರ ಹಳೆಯ ಬೆರಕೆಯ ತಕರಾರಿಗೆ ಬರುತ್ತೇನೆ. ಅದಕ್ಕೆ ಉತ್ತರ ಸಿಗುವುದು ಒಂದು ಊರಿನಿಂದಲ್ಲ, ಊರುಗಳ ಸಾಲಿನಿಂದ. ತವರಿನಿಂದ ಹೊರಟ ಗುಂಪುಗಳು ಒಂದರಿಂದ ಇನ್ನೊಂದು ಹುಟ್ಟುತ್ತ ಹೋಗಿದ್ದರೆ ದೂರ ಹೋದಂತೆ ವೈವಿಧ್ಯ ಮೆಟ್ಟಿಲಿಳಿದಂತೆ ಕುಗ್ಗಬೇಕು, ಅಪರೂಪದ ರೂಪಗಳು ಮೊದಲು ಮಾಯವಾಗಬೇಕು, ಮತ್ತು ಅಕ್ಕಪಕ್ಕದ ಅಕ್ಷರಗಳು ಒಟ್ಟೊಟ್ಟಿಗೇ ಸಾಗುವ ಪ್ರವೃತ್ತಿ ಹೆಚ್ಚುತ್ತ ಹೋಗಬೇಕು. ಎರಡು ಹಳೆಯ ಗುಂಪುಗಳು ಜಾಂಬಿಯಾದಲ್ಲಿ ಬೆರೆತಿದ್ದವು ಎಂದಾದರೆ ಆ ಎರಡರ ಶುದ್ಧ ವಂಶಸ್ಥರು ಎಲ್ಲಾದರೂ ಕಾಣಬೇಕಿತ್ತು.

ಕೀಟಸಂಗ್ರಾಹಕ

ಜೀನೋಮ್‌ಗಳ ಮಾತು ಸಾಕಷ್ಟಾಯಿತು. ನೊಣವನ್ನು ನಿಜವಾಗಿ ಹಿಡಿದದ್ದು ಎಲ್ಲಿ ಎಂಬ ಕಡೆಗೆ ಚರ್ಚೆಯನ್ನು ತಿರುಗಿಸಲು ಅನುಮತಿ ಕೋರುತ್ತೇನೆ. ಪೂಲ್ ಅವರ 139 ತಳಿಗಳೂ ಸಿಯಾವೊಂಗಾದ 197 ಕೂಡ ಮುಖ್ಯವಾಗಿ ಮನುಷ್ಯರ ವಾಸದ ಆಸುಪಾಸಿನಲ್ಲಿ ಹಿಡಿದವು. ಮನುಷ್ಯರ ಬೆನ್ನಿಗೆ ಬಿದ್ದ ನೊಣದ ತವರನ್ನು ಮನುಷ್ಯರ ಮನೆಗಳಲ್ಲಿ ಹುಡುಕುತ್ತಿದ್ದೇವೆ ಎಂಬ ತೊಡಕನ್ನು ಯಾವ ಲೆಕ್ಕಾಚಾರವೂ ಪರಿಹರಿಸದು. ಕಾಡಿನಲ್ಲಿ ಅದನ್ನು ಖಚಿತವಾಗಿ ಕಂಡವರೇ ಇರಲಿಲ್ಲ.

ಆ ಕೊರತೆಯನ್ನು 2018ರಲ್ಲಿ ತುಂಬಿದವರು ಸ್ವೀಡನ್‌ನ ಲುಂಡ್ ವಿಶ್ವವಿದ್ಯಾಲಯದ ಮಾರ್ಕಸ್ ಸ್ಟೆನ್ಸ್‌ಮೈರ್ ಮತ್ತು ಅವರ ತಂಡ. ಅವರು ಹೋದದ್ದು ಜಿಂಬಾಬ್ವೆಯ ಮಟೋಬೊ ರಾಷ್ಟ್ರೀಯ ಉದ್ಯಾನಕ್ಕೆ, ಹುಡುಕಿದ್ದು ಮರುಲಾ ಮರದ ಬುಡದಲ್ಲಿ. ಮರುಲಾ ಹಣ್ಣು ಮಾಗಿ ತಾನಾಗಿ ನೆಲಕ್ಕೆ ಉದುರಿ ಅಲ್ಲೇ ಹುಳಿಯುತ್ತದೆ. ಸಿಪ್ಪೆ ಗಟ್ಟಿ, ತಿರುಳು ರಸಭರಿತ, ಒಳಗೆ ಕಲ್ಲಿನಂಥ ಓಟೆ. ಆ ಹಣ್ಣುಗಳ ನಡುವೆ ಇಟ್ಟ ಬಲೆಗಳಿಗೆ ಮೆಲನೊಗ್ಯಾಸ್ಟರ್ ಬಿದ್ದವು. ಮರುಲಾದ ಕಂಪಿನಲ್ಲಿ ಮುಖ್ಯವಾದ ಈಥೈಲ್ ಐಸೊವ್ಯಾಲರೇಟ್ ಎಂಬ ಸಂಯುಕ್ತವನ್ನು ಈ ನೊಣದ ಮೀಸೆಯ ಮೇಲಿನ ಒಂದು ಗ್ರಾಹಕ ಬಲವಾಗಿ ಗುರುತಿಸುತ್ತದೆ. ಆ ಗ್ರಾಹಕವನ್ನು ಕಟ್ಟುವ ವಂಶವಾಹಿಯ ರೂಪಗಳು ಆಫ್ರಿಕಾದ ಕಾಡಿನ ನೊಣಗಳಲ್ಲಿ ಮತ್ತು ಹೊರನಾಡಿನವುಗಳಲ್ಲಿ ಬೇರೆ ಬೇರೆಯಾಗಿವೆ. ವೈವಿಧ್ಯದ ನಕ್ಷೆ ತೋರಿಸಿದ ಪ್ರದೇಶಕ್ಕೆ ಹೋಗಿ, ಅಲ್ಲಿಯ ಕಾಡಿನಲ್ಲಿ ಅದನ್ನು ಹಿಡಿದು, ಅದರ ಮೂಗಿಗೂ ಅಲ್ಲಿಯ ಹಣ್ಣಿಗೂ ಇರುವ ನಂಟನ್ನು ತೋರಿಸಿದ ಈ ಕೆಲಸವೇ ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕದ್ದು.

ಅವರು ಗುಹೆಗಳೊಳಗೂ ಬಲೆ ಇಟ್ಟಿದ್ದರು. ಅದೇ ಬೆಟ್ಟಸಾಲಿನ ಪೊಮೊಂಗ್ವೆ ಗುಹೆಯಲ್ಲಿ ಪುರಾತತ್ವಜ್ಞರಿಗೆ ಸಿಕ್ಕ ಮರುಲಾ ಓಟೆಗಳ ಅಂದಾಜು ಸಂಖ್ಯೆ 2 ಕೋಟಿ 40 ಲಕ್ಷ. ಆ ಭಾಗದ ಮೂಲನಿವಾಸಿಗಳಾದ ಸಾನ್ ಜನರ ಪೂರ್ವಿಕರು ಹಣ್ಣನ್ನು ಗುಹೆಗೆ ಹೊತ್ತು ತಂದು ಕೂಡಿಡುತ್ತಿದ್ದಾಗ ನೊಣವೂ ಹಿಂಬಾಲಿಸಿ ಒಳಗೆ ಬಂದಿರಬೇಕು, ಮನುಷ್ಯರ ಜೊತೆಗಿನ ಅದರ ಬಾಳ್ವೆ ಹಾಗೆ ಆರಂಭವಾಗಿರಬೇಕು ಎಂಬುದು ಆ ತಂಡದ ಊಹೆ. ಮೆಲನೊಗ್ಯಾಸ್ಟರ್ ಇಂದಿಗೂ ಮುಚ್ಚಿದ ಜಾಗಗಳಿಗೆ, ಉದಾಹರಣೆಗೆ ವೈನ್ ನೆಲಮಾಳಿಗೆಗಳಿಗೆ, ಸಂಕೋಚವಿಲ್ಲದೆ ನುಗ್ಗುತ್ತದೆ. ಅದರ ಸೋದರ ಪ್ರಭೇದ ಸಿಮ್ಯುಲಾನ್ಸ್ ಹೊರಗೇ ಉಳಿಯುತ್ತದೆ. ಗುಹೆಯ ಊಹೆಗೆ ಈ ಸ್ವಭಾವ ಹೊಂದಿಕೊಳ್ಳುತ್ತದೆ.

ಬಲೆಗೆ ಬಿದ್ದದ್ದು ಯಾವ ನೊಣ ಎಂದು ಹೇಳುವುದೂ ಸುಲಭವಲ್ಲ. ಈ ಎರಡು ಪ್ರಭೇದಗಳ ಹೆಣ್ಣುಗಳನ್ನು ಕಣ್ಣಿನಿಂದ ಬೇರ್ಪಡಿಸುವುದು ಅನುಭವಿಗಳಿಗೂ ತ್ರಾಸದಾಯಕ. ಗಂಡಾದರೆ ಅದನ್ನು ಮಗ್ಗುಲಾಗಿ ಮಲಗಿಸಿ, ಕುಂಚದ ತುದಿಯಿಂದ ಹೊಟ್ಟೆಯ ಕೊನೆಯನ್ನು ಒತ್ತಿ ಜನನಾಂಗದ ಹಿಂಬದಿಯ ಹಾಲೆಯನ್ನು ನೋಡಬೇಕು. ಸಿಮ್ಯುಲಾನ್ಸ್‌ನಲ್ಲಿ ಅದು ಅಗಲವಾಗಿ, ಗುಂಡಗೆ ಹೊರಚಾಚಿರುತ್ತದೆ. ಮೆಲನೊಗ್ಯಾಸ್ಟರ್‌ನಲ್ಲಿ ಸಣ್ಣದಾಗಿ, ಕಿರಿದಾಗಿರುತ್ತದೆ. ಕಾಡಿನಲ್ಲಿ ಇದನ್ನು ಕಂಡೆವು ಎಂಬ ಹಳೆಯ ವರದಿಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಗಂಡುಗಳನ್ನು ಹೀಗೆ ಪರೀಕ್ಷಿಸಿದ್ದರೇ ಎಂಬುದನ್ನು.

ಕುತೂಹಲಿ

ಇಬ್ಬರಿಗೂ ಧನ್ಯವಾದಗಳು. ಆದರೆ ಇನ್ನೊಂದು ಸಂಗತಿ ಕಾಡುತ್ತಿದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜಾಂಬಿಯಾ, ಜಿಂಬಾಬ್ವೆ ಮತ್ತು ನಮೀಬಿಯಾದ ಕಾಡುಗಳಿಂದ 288 ನೊಣಗಳನ್ನು ಹಿಡಿದು, ಅವುಗಳಲ್ಲಿ ಜಾಂಬಿಯಾದ ಕಫುವೆ ರಾಷ್ಟ್ರೀಯ ಉದ್ಯಾನದ 17 ನೊಣಗಳ ಜೀನೋಮ್‌ಗಳನ್ನು ಓದಿದ್ದಾರೆ. ಅಲ್ಲಿ ಕಾಡಿನ ನೊಣಗಳ ವೈವಿಧ್ಯ ಊರಿನ ನೊಣಗಳಿಗಿಂತ ಕಡಿಮೆ ಎಂದು ಬಂದಿದೆ! ವೈವಿಧ್ಯ ಹೆಚ್ಚಿರುವುದೇ ತವರು ಎಂಬ ಸೂತ್ರ ಹಿಡಿದರೆ ಊರೇ ತವರು, ಕಾಡು ವಲಸೆಯ ಜಾಗ ಎಂದಾಗಲಿಲ್ಲವೇ?

ತಳಿಬೇರು

ಆ ಅಧ್ಯಯನವೂ ಪೂಲ್ ಅವರ ಪ್ರಯೋಗಾಲಯದ್ದೇ. ತಮ್ಮದೇ ಸೂತ್ರಕ್ಕೆ ತೊಡಕಾಗುವ ಫಲಿತಾಂಶವನ್ನು ಅವರು ಸಾರಾಂಶದಲ್ಲೇ ಹೇಳಿಕೊಂಡಿದ್ದಾರೆ ಎಂಬುದನ್ನು ಗಮನಿಸಿ.

ಸೂತ್ರವನ್ನು ಅದರ ಷರತ್ತುಗಳೊಂದಿಗೇ ಓದಬೇಕು. ಒಂದು ಗುಂಪಿನ ವೈವಿಧ್ಯ ಅದರ ವಯಸ್ಸನ್ನು ಮಾತ್ರ ಅವಲಂಬಿಸಿಲ್ಲ; ಅದರ ಗಾತ್ರವನ್ನೂ, ಸುತ್ತಲಿನಿಂದ ಬಂದು ಸೇರುವವರ ಸಂಖ್ಯೆಯನ್ನೂ ಅವಲಂಬಿಸಿದೆ. ಊರಿನಲ್ಲಿ ವರ್ಷವಿಡೀ ಕೊಳೆತ ಹಣ್ಣು ಸಿಗುತ್ತದೆ, ಸಾಮಾನು ಸಾಗಣೆಯ ಜೊತೆ ನಾಲ್ಕೂ ಕಡೆಯಿಂದ ನೊಣಗಳು ಬಂದು ಸೇರುತ್ತವೆ. ಕಾಡಿನಲ್ಲಿ ಮರುಲಾ ಹಣ್ಣಿನ ಕಾಲ ವರ್ಷದಲ್ಲಿ ಕೆಲವೇ ತಿಂಗಳು. ಉಳಿದ ಕಾಲದಲ್ಲಿ ನೊಣಗಳ ಸಂಖ್ಯೆ ತೀರ ಇಳಿದು, ಪ್ರತಿ ವರ್ಷವೂ ವೈವಿಧ್ಯದ ಒಂದಷ್ಟು ಪಾಲು ಸೋರಿಹೋಗುತ್ತಿರಬಹುದು. ನೂರಾರು ಕಿಲೋಮೀಟರ್ ಅಗಲದ ಪ್ರದೇಶಗಳನ್ನು ಹೋಲಿಸುವಾಗ ವೈವಿಧ್ಯ ಒಳ್ಳೆಯ ದಿಕ್ಸೂಚಿ. ಪಕ್ಕಪಕ್ಕದ ಕಾಡು ಮತ್ತು ಪೇಟೆಯ ನಡುವೆ ಹಿರಿತನ ನಿರ್ಣಯಿಸಲು ಅದು ಮೊಂಡು ಸಾಧನ.

ಕಫುವೆಯ ನೊಣಗಳಲ್ಲಿ ಇನ್ನೆರಡು ಸಂಗತಿಗಳಿವೆ. ವರ್ಣತಂತುವಿನ ಒಂದು ಭಾಗ ಕಿತ್ತು ತಲೆಕೆಳಗಾಗಿ ಕೂಡಿಕೊಳ್ಳುವ ವಿಲೋಮಗಳು ಅಲ್ಲಿ ಊರಿಗಿಂತ ಹೆಚ್ಚು ಪ್ರಮಾಣದಲ್ಲಿವೆ. ಕೀಟನಾಶಕಗಳು ದಾಳಿಯಿಡುವ ವಂಶವಾಹಿಗಳಲ್ಲಿ ಊರಿನ ಮತ್ತು ಕಾಡಿನ ನೊಣಗಳು ಎದ್ದುಕಾಣುವಷ್ಟು ಬೇರೆಯಾಗಿವೆ. ಎರಡನೆಯದು ಅಚ್ಚರಿಯಲ್ಲ, ಆದರೆ ಉಪಯುಕ್ತ: ಕಾಡಿನಲ್ಲಿ ಹಿಡಿದವು ಪೇಟೆಯಿಂದ ನಿನ್ನೆ ಮೊನ್ನೆ ಹಾರಿಬಂದವಲ್ಲ ಎಂಬುದಕ್ಕೆ ಅದು ಸಾಕ್ಷಿ.

ಲೆಕ್ಕಿಗ

ಜಾಗದ ವಿಚಾರ ಬಹುಮಟ್ಟಿಗೆ ಒಪ್ಪಿದೆ. ಕಾಲದ ವಿಚಾರದಲ್ಲಿ ಓದುಗರು ಎಚ್ಚರದಿಂದಿರಬೇಕು ಎಂದು ತೋರಿಸಲು ಒಂದು ಸಣ್ಣ ಲೆಕ್ಕ ಮಾಡುತ್ತೇನೆ.

ಅದೇ 2020ರ ಅಧ್ಯಯನದ ಪ್ರಕಾರ ದಕ್ಷಿಣ-ಮಧ್ಯ ಆಫ್ರಿಕಾದಿಂದ ಹರಡುವಿಕೆ ಆರಂಭವಾದದ್ದು ಸುಮಾರು 10,000 ವರ್ಷಗಳ ಹಿಂದೆ. ಸಹಾರಾ ದಾಟಿದ್ದು ಅದಾದ ಸ್ವಲ್ಪ ಕಾಲಕ್ಕೆ. ಮಧ್ಯಪ್ರಾಚ್ಯದಿಂದ ಯುರೋಪಿನೊಳಗೆ ಹರಡತೊಡಗಿದ್ದು ಸುಮಾರು 1,400 ವರ್ಷಗಳ ಹಿಂದೆ ಮಾತ್ರ. 2006ರ ಸುಮಾರಿನ ಹಳೆಯ ಅಂದಾಜುಗಳಲ್ಲಿ ಆಫ್ರಿಕಾ ಬಿಟ್ಟ ಕಾಲ 16,000 ವರ್ಷಗಳ ಆಸುಪಾಸಿನಲ್ಲಿತ್ತು. ಅಂಕಿಗಳು ಹೀಗೆ ಸರಿದಾಡುವುದಕ್ಕೆ ಕಾರಣ ಅಜಾಗ್ರತೆಯಲ್ಲ. ಡಿಎನ್‌ಎ ತಲೆಮಾರುಗಳನ್ನು ಎಣಿಸುತ್ತದೆ, ವರ್ಷಗಳನ್ನಲ್ಲ. ವರ್ಷಕ್ಕೆ 15 ತಲೆಮಾರು ಎಂದು ಹಿಡಿಯುವುದು ಈ ಕ್ಷೇತ್ರದ ರೂಢಿ. ಅದನ್ನು 10 ಎಂದು ಬದಲಿಸಿದರೆ 10,000 ವರ್ಷ ಇದ್ದಕ್ಕಿದ್ದಂತೆ 15,000 ಆಗುತ್ತದೆ, ಒಂದು ಅಕ್ಷರದಷ್ಟೂ ಹೊಸ ಡಿಎನ್‌ಎ ಓದದೆ.

ಈಗ ಮ್ಯುಟೇಶನ್ ದರವನ್ನು ಒಂದು ತಲೆಮಾರಿಗೆ, ಒಂದು ಅಕ್ಷರಕ್ಕೆ, ನೂರು ಕೋಟಿಗೆ 3 ಎಂದು ಇಟ್ಟುಕೊಳ್ಳಿ. ನೇರವಾಗಿ ಅಳೆದ ದರಗಳು ಇದರ ಹತ್ತಿರವೇ ಇವೆ. 10,000 ವರ್ಷವೆಂದರೆ 1,50,000 ತಲೆಮಾರು. ಅಷ್ಟರಲ್ಲಿ ಬೇರ್ಪಟ್ಟ ಎರಡೂ ಕವಲುಗಳಲ್ಲಿ ಹುಟ್ಟಿದ ಹೊಸ ವ್ಯತ್ಯಾಸಗಳನ್ನು ಕೂಡಿಸಿದರೆ 1,100 ಅಕ್ಷರಗಳಿಗೆ ಒಂದರಷ್ಟು ಆಗುತ್ತದೆ. ಆದರೆ ಜಾಂಬಿಯಾದ ನೊಣಗಳಲ್ಲಿ ನೂರಕ್ಕೆ ಒಂದು ವ್ಯತ್ಯಾಸ ಮೊದಲಿನಿಂದಲೂ ಇತ್ತು. ಅದೇ ದರದಲ್ಲಿ ಅದರ ಬೇರು ಒಂದು ಲಕ್ಷ ವರ್ಷಗಳಾಚೆಗೆ ಹೋಗುತ್ತದೆ. ಅಂದರೆ ಯುರೋಪಿನ ಒಂದು ನೊಣಕ್ಕೂ ಜಾಂಬಿಯಾದ ಒಂದು ನೊಣಕ್ಕೂ ಇರುವ ವ್ಯತ್ಯಾಸಗಳಲ್ಲಿ ಹೆಚ್ಚಿನವು ಅವು ಬೇರೆಯಾಗುವುದಕ್ಕೆ ಬಹಳ ಮೊದಲೇ ಹುಟ್ಟಿದವು. ಎರಡು ಡಿಎನ್‌ಎಗಳ ವ್ಯತ್ಯಾಸ ಎಣಿಸಿ ಅಗಲಿಕೆಯ ಕಾಲ ಹೇಳುವ ಸರಳ ವಿಧಾನ ಇಲ್ಲಿ ಕೆಲಸಕ್ಕೆ ಬಾರದು ಎಂಬುದಕ್ಕೆ ಇದೇ ಕಾರಣ. ಯಾವ ರೂಪ ಯಾವ ಗುಂಪಿನಲ್ಲಿ ಎಷ್ಟು ಪಾಲು ಇದೆ ಎಂಬ ಹಂಚಿಕೆಯನ್ನು ನೋಡಬೇಕು. ಹಲವು ಕಲ್ಪಿತ ಚರಿತ್ರೆಗಳನ್ನು ಗಣಕದಲ್ಲಿ ಓಡಿಸಿ ಯಾವುದು ನಿಜವಾದ ಹಂಚಿಕೆಗೆ ಹೊಂದುತ್ತದೆ ಎಂದು ಪರೀಕ್ಷಿಸಬೇಕು. ಕಲ್ಪಿಸದೆ ಬಿಟ್ಟ ಚರಿತ್ರೆ ಗೆಲ್ಲುವುದಿಲ್ಲ ಎಂಬುದು ಈ ವಿಧಾನದ ಮಿತಿ.

ಹೊಸ ಸದಸ್ಯ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಮನುಷ್ಯರ ವಲಸೆಯ ವಿಚಾರದಲ್ಲಿ ತಾಯಿಯ ಕಡೆಯಿಂದ ಮಾತ್ರ ಬರುವ, ಕೋಶದೊಳಗಿನ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ಬಳಸುತ್ತಾರೆ ಎಂದು ಕೇಳಿದ್ದೇನೆ. ಅದರಲ್ಲಿ ಅದಲುಬದಲಿನ ಗೊಂದಲವೇ ಇಲ್ಲವಲ್ಲ, ನೊಣಕ್ಕೂ ಅದನ್ನೇ ಬಳಸಿದರೆ ಸುಲಭವಾಗುವುದಿಲ್ಲವೇ?

ತಳಿಬೇರು

ಕ್ಷಮೆ ಬೇಕಿಲ್ಲ, ಈ ಪ್ರಶ್ನೆ ಬರಬೇಕಾಗಿಯೇ ಇತ್ತು. ಈ ನೊಣದಲ್ಲಿ ಮೈಟೊಕಾಂಡ್ರಿಯಾ ಒಂಟಿಯಾಗಿ ಪ್ರಯಾಣಿಸುವುದಿಲ್ಲ. ಅನೇಕ ನೊಣಗಳ ಕೋಶಗಳೊಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಅದೂ ತಾಯಿಯಿಂದ ಮೊಟ್ಟೆಯ ಮೂಲಕವೇ ಸಾಗುತ್ತದೆ. ಅದರ ಒಂದು ತಳಿ ಮೇಲುಗೈ ಪಡೆದು ಹರಡಿದರೆ ಅದೇ ಮೊಟ್ಟೆಯಲ್ಲಿದ್ದ ಮೈಟೊಕಾಂಡ್ರಿಯಾವೂ ಹಿಂಬಾಲಿಸಿ ಹರಡುತ್ತದೆ, ಹಳೆಯ ತಾಯಿವಂಶಗಳು ಅಳಿಸಿಹೋಗುತ್ತವೆ. 2012ರ ಒಂದು ಅಧ್ಯಯನದಲ್ಲಿ ಇವತ್ತಿನ ನೊಣಗಳ ಮೈಟೊಕಾಂಡ್ರಿಯಾಗಳೆಲ್ಲ ಸುಮಾರು 8,000 ವರ್ಷಗಳ ಹಿಂದಿನ ಒಂದೇ ಪೂರ್ವಜೆಗೆ ಹೋಗಿ ಸೇರುತ್ತವೆ ಎಂದು ಕಂಡಿತು. ಲೆಕ್ಕಿಗ ಅವರು ಹೇಳಿದ ಒಂದು ಲಕ್ಷ ವರ್ಷಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿ. 20ನೇ ಶತಮಾನದಲ್ಲೂ ವೊಲ್ಬಾಕಿಯಾದ ಒಂದು ತಳಿ ಇನ್ನೊಂದನ್ನು ಜಗತ್ತಿನಾದ್ಯಂತ ಬಹುಮಟ್ಟಿಗೆ ಒತ್ತರಿಸಿದೆ. ಹೀಗಾಗಿ ತಾಯಿವಂಶದ ಸಾಕ್ಷ್ಯ ಇಲ್ಲಿ ಬ್ಯಾಕ್ಟೀರಿಯಾದ ಚರಿತ್ರೆಯನ್ನು ಹೇಳುತ್ತದೆ, ನೊಣದ ತವರನ್ನಲ್ಲ.

ಸಸ್ಯರಕ್ಷಕ

ಪೀಡೆ ಕೀಟಗಳ ತಡೆಯ ಕ್ಷೇತ್ರದಿಂದ ಒಂದು ಮಾತು ಸೇರಿಸುತ್ತೇನೆ. ಮೆಲನೊಗ್ಯಾಸ್ಟರ್ ಕೊಳೆತ ಹಣ್ಣಿನ ಗಿರಾಕಿಯಾದ್ದರಿಂದ ಅದರ ತವರು ಎಲ್ಲಿದ್ದರೂ ಬೆಳೆಗಾರರಿಗೆ ನಷ್ಟವಿಲ್ಲ. ಅದೇ ಕುಲದ, ಕೊಂಚ ದೂರದ ಬಂಧು ಡ್ರೊಸೊಫಿಲಾ ಸುಜುಕಿಯ ವಿಚಾರ ಹಾಗಲ್ಲ. ಅದರ ಹೆಣ್ಣಿಗೆ ಗರಗಸದಂಥ ಮೊಟ್ಟೆನಳಿಕೆಯಿದೆ. ಗಿಡದಲ್ಲೇ ಇರುವ ಗಟ್ಟಿ ಚೆರಿ, ರಾಸ್ಪ್‌ಬೆರಿಗಳ ಸಿಪ್ಪೆ ಸೀಳಿ ಮೊಟ್ಟೆಯಿಡುತ್ತದೆ. ಪೂರ್ವ ಏಷ್ಯಾದ ಈ ನೊಣ 1980ರಲ್ಲಿ ಹವಾಯಿಯಲ್ಲಿ ಕಂಡಿತ್ತು. 2008ರಲ್ಲಿ ಕ್ಯಾಲಿಫೋರ್ನಿಯಾ, ಸ್ಪೇನ್ ಮತ್ತು ಇಟಲಿಯಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಕಾಣಿಸಿಕೊಂಡಿತು. ಅಮೆರಿಕದಿಂದ ಯುರೋಪಿಗೆ ಹೋಯಿತೇ, ಯುರೋಪಿನಿಂದ ಅಮೆರಿಕಕ್ಕೆ ಬಂದಿತೇ ಎಂದು ಎಲ್ಲರೂ ಕೇಳಿದರು. 2017ರಲ್ಲಿ ಪ್ರಕಟವಾದ ಆನುವಂಶಿಕ ವಿಶ್ಲೇಷಣೆಯ ಪ್ರಕಾರ ಎರಡೂ ಅಲ್ಲ: ಎರಡು ಖಂಡಗಳಿಗೂ ಏಷ್ಯಾದಿಂದ ಪ್ರತ್ಯೇಕವಾಗಿಯೇ ಬಂದಿತ್ತು. ಅಮೆರಿಕದ ಪಶ್ಚಿಮ ತೀರದ ಗುಂಪಿನಲ್ಲಿ ಹವಾಯಿಯ ಪಾಲೂ ಬೆರೆತಿತ್ತು.

ಈ ಚರ್ಚೆಗೆ ಇದು ಹೊರಗಿನ ಮಾತಲ್ಲ. ತವರು ಹುಡುಕುವ ವಿಧಾನವನ್ನು ನಾವು ಪರೀಕ್ಷಿಸಿ ನೋಡಬಹುದಾದ ಜಾಗ ಇಂಥ ಇತ್ತೀಚಿನ ದಾಳಿಗಳು. ಸುಜುಕಿ ಎಲ್ಲಿಯದು ಎಂಬುದು ಮೊದಲೇ ಗೊತ್ತಿರುವುದರಿಂದ ವಿಧಾನ ತಪ್ಪು ದಿಕ್ಕು ತೋರಿಸಿದರೆ ಕೂಡಲೇ ಸಿಕ್ಕಿಬೀಳುತ್ತದೆ. ಬೇರೊಂದು ಕುಟುಂಬಕ್ಕೆ ಸೇರಿದ ಮೆಡಿಟರೇನಿಯನ್ ಹಣ್ಣುನೊಣದ ವಿಷಯದಲ್ಲಿ ಇದೇ ವಿಧಾನಗಳ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ದೀರ್ಘ ವಾಗ್ವಾದವೇ ನಡೆದಿದೆ. 1975ರಿಂದ ಮತ್ತೆ ಮತ್ತೆ ಬಲೆಗೆ ಬೀಳುತ್ತಿರುವ ನೊಣಗಳು ಪ್ರತಿ ಸಲವೂ ಹೊಸದಾಗಿ ಬಂದವೇ, ಅಥವಾ ನಿರ್ಮೂಲವಾಯಿತೆಂದುಕೊಂಡ ಗುಂಪು ಗುಟ್ಟಾಗಿ ಉಳಿದುಕೊಂಡಿದೆಯೇ? ಮೊದಲನೆಯದಾದರೆ ಬಂದರು ಮತ್ತು ವಿಮಾನ ನಿಲ್ದಾಣಗಳ ತಪಾಸಣೆ ಬಿಗಿಯಾಗಬೇಕು. ಎರಡನೆಯದಾದರೆ ಆ ಹಣವೆಲ್ಲ ತೋಟಗಳಿಗೆ ಹೋಗಬೇಕು.

ಕೀಟಸಂಗ್ರಾಹಕ

ಸಸ್ಯರಕ್ಷಕ ಅವರ ಮಾತು ಒಪ್ಪತಕ್ಕದ್ದು. ಹಳೆಯ ಚರಿತ್ರೆಯನ್ನು ಪರೀಕ್ಷಿಸಲು ಇನ್ನೊಂದು ದಾರಿಯೂ ಈಗ ತೆರೆದಿದೆ. 19ನೇ ಶತಮಾನದ ಆರಂಭದಲ್ಲಿ ಸ್ವೀಡನ್‌ನ ಲುಂಡ್‌ನಲ್ಲಿ ಹಿಡಿದು ಸೂಜಿಗೆ ಚುಚ್ಚಿಟ್ಟಿದ್ದ ನೊಣಗಳ ಜೀನೋಮ್‌ಗಳನ್ನು ಓದಿ 2023ರಲ್ಲಿ ಪ್ರಕಟಿಸಿದ್ದಾರೆ. ಇನ್ನೂರು ವರ್ಷವೆಂದರೆ ಲೆಕ್ಕಿಗ ಅವರ ಲೆಕ್ಕದಲ್ಲಿ 3,000 ತಲೆಮಾರು. ಆ ನೊಣಗಳು ಡಿಡಿಟಿಯನ್ನು ಕಂಡವಲ್ಲ, ಆಧುನಿಕ ಸಾಗಣೆಯನ್ನು ಕಂಡವಲ್ಲ. ಆದ್ದರಿಂದ ಈಗಿನ ಯುರೋಪಿನ ನೊಣಗಳಲ್ಲಿ ಯಾವುದು ಹಳೆಯ ವಲಸೆಯ ಗುರುತು, ಯಾವುದು ಈಚಿನ ಶತಮಾನದ ಬದಲಾವಣೆ ಎಂದು ಬಿಡಿಸಿ ನೋಡಲು ಅವು ಅಳತೆಗೋಲಾಗುತ್ತವೆ.

ಕುತೂಹಲಿ

ಒಂದೇ ಒಂದು ಉಳಿದ ಪ್ರಶ್ನೆ. ಯುರೋಪಿನ ಕಥೆ ತಿಳಿಯಿತು. ಅಮೆರಿಕದ ನೊಣಗಳು ಯುರೋಪಿನಿಂದಲೇ ಹೋದವೇ?

ತಳಿಬೇರು

ಬಹುಪಾಲು ಹೌದು, ಪೂರ್ತಿಯಾಗಿ ಅಲ್ಲ. ಉತ್ತರ ಅಮೆರಿಕದ ನೊಣಗಳಲ್ಲಿ ಯುರೋಪಿನ ವಂಶದ ಜೊತೆಗೆ ಆಫ್ರಿಕಾದಿಂದ ನೇರವಾಗಿ ಬಂದ ವಂಶವೂ ಇದೆ. ಆ ಆಫ್ರಿಕನ್ ಪಾಲು ಕೆರಿಬಿಯನ್ ದ್ವೀಪಗಳಲ್ಲಿ ಮತ್ತು ಅಮೆರಿಕದ ಆಗ್ನೇಯ ಭಾಗದಲ್ಲಿ ಹೆಚ್ಚು, ಉತ್ತರಕ್ಕೆ ಹೋದಂತೆ ಕಡಿಮೆ. ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳ ಜೊತೆ ಪಶ್ಚಿಮ ಆಫ್ರಿಕಾದ ನೊಣಗಳು ಕೆರಿಬಿಯನ್ ಸೇರಿದವು, ಯುರೋಪಿನ ವಲಸಿಗರೊಂದಿಗೆ ಬಂದವು ಉತ್ತರದಲ್ಲಿ ನೆಲೆಯೂರಿದವು, ನಡುವೆ ಎರಡೂ ಬೆರೆತವು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಉತ್ತರದಿಂದ ದಕ್ಷಿಣಕ್ಕೆ ವಂಶವಾಹಿಗಳ ಪ್ರಮಾಣ ಮೆಲ್ಲಗೆ ಬದಲಾಗುವುದನ್ನು ಬಹಳ ಕಾಲ ಚಳಿಗೆ ಮತ್ತು ಬಿಸಿಲಿಗೆ ಹೊಂದಿಕೊಂಡದ್ದರ ಗುರುತೆಂದು ಮಾತ್ರ ಓದಲಾಗುತ್ತಿತ್ತು. ಅದರಲ್ಲಿ ಒಂದು ಭಾಗ ಎರಡು ಕಡೆಯಿಂದ ಬಂದವರ ಬೆರಕೆಯ ಇಳಿಜಾರಷ್ಟೇ ಎಂದು 2016ರ ಹೊತ್ತಿಗೆ ತೋರಿಸಲಾಯಿತು. ಆಸ್ಟ್ರೇಲಿಯಾದಲ್ಲೂ ಅದೇ ಕಥೆ. ನೀವು ಮೊದಲ ಪ್ರಶ್ನೆಯಲ್ಲಿ ಹೇಳಿದ, ನಾಲ್ಕು ಕಡೆಯವರು ಸೇರುವ ಬಂದರಿನ ನಿಜವಾದ ಮಾದರಿ ಬೇಕಿದ್ದರೆ ಅದನ್ನು ಜಾಂಬಿಯಾದಲ್ಲಿ ಹುಡುಕಬೇಡಿ, ಕೆರಿಬಿಯನ್‌ನಲ್ಲಿ ನೋಡಿ. ಅಲ್ಲಿಯ ನೊಣಗಳ ವರ್ಣತಂತುಗಳಲ್ಲಿ ಎರಡು ಖಂಡಗಳ ಪಟ್ಟಿಗಳು ಇನ್ನೂ ಬೇರೆಬೇರೆಯಾಗಿಯೇ ಗುರುತು ಸಿಗುತ್ತವೆ.